ಅಮೆರಿಕಕ್ಕೆ ಬರೆಸಿದ ನೂರು ಮುಡಿ

ಗಿರಿಜಾ, ನಿನ್ನ ಅಮೆರಿಕ ತಪ್ಪಿಸಿದ್ದು ಶಾನುಭೋಗರಲ್ಲ. ನಾನು, ನಿನ್ನ ಅಕ್ಕ.

ಐವತ್ತು ವರ್ಷದ ಮೇಲಾಯಿತು. ನೀನು ಉಡುಪಿಯಲ್ಲಿ ಬಿ.ಎಸ್ಸಿ. ಕಡೇ ವರ್ಷ ಓದುತ್ತಿದ್ದೆ. ಅಮ್ಮ ಹೋದ ಮೇಲೆ ಮನೆಯ ಯಜಮಾನಿಕೆ ನನಗೆ ಬಂದಿತ್ತು — ನಮ್ಮಲ್ಲಿ ಆಸ್ತಿ ಹೆಂಗಸರ ಕಡೆಯಿಂದಲೇ ಅಲ್ಲವೇ. ಅಮೆರಿಕದ ಕಾಲೇಜಿನವರು ಮನೆಯ ಆದಾಯ ಕೇಳಿ ಕಾಗದ ಕಳಿಸಿದ್ದರು. ಅದನ್ನು ಯಜಮಾನರೇ ಶಾನುಭೋಗರಿಂದ ಬರೆಸಿ, ಅಂಟಿಸಿ ಕಳಿಸಬೇಕಿತ್ತು. ನೀನು ಬಿಡಿಸಿ ಹೇಳಿಯೇ ಹೋಗಿದ್ದೆ: "ಅಕ್ಕಾ, ಇದ್ ಸಂಬಂಧ ಕುದ್ರ್ಸೂದಲ್ಲ ಕಾಣ್. ದೊಡ್ಡದ್ ಹೇಳೂಕಾಗ. ಪಾಲಾದ್ ಮೇಲೆ ನಮ್ಗ್ ಉಳ್ದದ್ ವರ್ಷಕ್ ಹತ್ ಮುಡಿ ಅಕ್ಕಿ ಗೇಣಿ. ಅಷ್ಟೇ ಬರ್ಸ್. ಇಲ್ದಿದ್ದವ್ರಿಗೆ ಅವ್ರೇ ಖರ್ಚ್ ಕೊಟ್ ಓದ್ಸ್ತ್ರ್."

ನನಗೆ ಅರ್ಥವಾಗಿತ್ತು. ಆಗಲಿಲ್ಲ ಎಂದು ಈಗ ಹೇಳುವುದಿಲ್ಲ.

ಶಾನುಭೋಗರ ಜಗಲಿಯಲ್ಲಿ ಸಂಕಮ್ಮ ಕೂತಿದ್ದಳು — ನಮ್ಮಿಂದ ಪಾಲು ತೆಗೆದುಕೊಂಡ ದೊಡ್ಡಮ್ಮನ ಮಗಳು. ಬಾಯಿ ತುಂಬ ಎಲೆಯಡಿಕೆ. "ಹ್ವಾಯ್, ಬಡವ್ರ್ ಅಂದೇಳಿ ಚೀಟಿ ಮಾಡ್ಸೂಕ್ ಬಂದದ್ದಾ? ಶಾಲಿ ಮಕ್ಳಿಗ್ ಕೊಡೂ ಅಮೆರಿಕದ ಹಾಲ್ ಪುಡಿ ಸಾಲ್ದಾ ನಿಮ್ಗೆ?" ಅಂದಳು. ಇದ್ದವರೆಲ್ಲ ನಕ್ಕರು.

"ಎಷ್ಟ್ ಮುಡಿ ಬರೀಕ್, ಶೆಡ್ತಿಯಮ್ಮ?" ಎಂದರು ಶಾನುಭೋಗರು.

"ನೂರ್."

ಅವರು ಪೆನ್ನು ಎತ್ತಿದರು. "ಅದ್ ಪಾಲಾಪ್ಕೂ ಮುಂಚಿನ್ ಲೆಕ್ಕ ಅಲ್ದಾ?"

"ನಾ ಹೇಳ್ದಷ್ಟ್ ನೀವ್ ಬರೀನಿ."

ಬರೆದರು. ನಾನು ರುಜು ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಸೇರುವುದೇ ಅಷ್ಟು ಕಷ್ಟದ ಕಾಲೇಜು ನಿನಗೆ ಸೀಟು ಕೊಟ್ಟಿತ್ತು. ಖರ್ಚು ಮಾತ್ರ ಕೊಡುವುದಿಲ್ಲ, ಇಷ್ಟು ಆಸ್ತಿಯ ಮನೆಯವರೇ ಕೊಡಲಿ. ಲೆಕ್ಕ ತಪ್ಪಿದ್ದರೆ ಒಂದು ತಿಂಗಳೊಳಗೆ ತಿದ್ದಿ ಕಳಿಸಿ ಎಂದಿತ್ತು. "ಶಾನುಭೋಗ್ರ್ ಹಳೇ ಪಟ್ಟಿ ಕಂಡ್ ಬರ್ದಿರ್ಕ್" ಎಂದು ನೀನೇ ಅಂದೆ. ನಾನು ಅಲ್ಲ ಅನ್ನಲಿಲ್ಲ. ಸರಿ ಮಾಡಿಸುತ್ತೇನೆ, ನೀನು ಪರೀಕ್ಷೆ ಬರಿ ಎಂದು ಕಳಿಸಿದೆ.

ಹೋದೆ, ಶಾನುಭೋಗರ ಮನೆಯ ಬೇಲಿಯ ದಣಪೆಯವರೆಗೆ. ಒಳಗೆ ಸಂಕಮ್ಮನ ಧ್ವನಿ ಕೇಳಿತು. ಅವಳೆದುರು ನೂರು ಸುಳ್ಳು, ಹತ್ತೇ ಮುಡಿ ಎಂದು — ಹಾಗೇ ತಿರುಗಿ ಬಂದೆ. ಮತ್ತೆ ಹೋಗಲಿಲ್ಲ. ಹೆದರಿಕೆಯಲ್ಲ, ಜಂಬ.

ನೀನು ಬಂದು ಕೇಳಿದಾಗ, "ಮುದ್ರಿ ಒತ್ತಿದ್ದನ್ನ್ ತಿದ್ದೂಕಾತಿಲ್ಲ ಅಂದ್ರ್" ಎಂದೆ. ಪಾಪ, ಆ ಮನುಷ್ಯನನ್ನು ನಾನು ಕೇಳಿಯೇ ಇರಲಿಲ್ಲ.

ನೀನು ಅಳಲಿಲ್ಲ. ಅಲ್ಲಿಯ ಚಳಿಗೆಂದು ಹೆಣೆಯುತ್ತಿದ್ದ ಸ್ವೆಟರ್ ಬಿಚ್ಚಿ, ಅದೇ ಉಣ್ಣೆಯಲ್ಲಿ ನನ್ನ ಮಗುವಿಗೆ ಟೊಪ್ಪಿ ಹೆಣೆದೆ. ಅದನ್ನು ಅದರ ತಲೆಗೆ ಹಾಕಿದವಳೂ ನಾನೇ.

ಆಮೇಲೆ ಕುಂಭಾಶಿಯ ದೇವಸ್ಥಾನದಲ್ಲಿ ಶಾನುಭೋಗರು ಎದುರಾದರೆ ನೀನು ಮುಖ ತಿರುಗಿಸುತ್ತಿದ್ದೆ. "ಗಿರಿಜಂಗ್ ನನ್ನ್ ಮೇಲ್ ಎಂತಕ್ ಸಿಟ್ಟ್?" ಎಂದು ಅವರು ನನ್ನನ್ನು ಒಮ್ಮೆ ಕೇಳಿದರು. "ಅವ್ಳ್ ಸ್ವಭಾವವೇ ಹಾಂಗೆ" ಎಂದೆ. ಆಮೇಲೆ ಅವರು ತೀರಿಕೊಂಡರು. ಆಗಲೂ ನಾನು —

ಇದನ್ನು ಈಗ ಬರೆಯುವುದಕ್ಕೆ ಹೋದ ವಾರ ನಡೆದದ್ದು ಕಾರಣ. ನಿನ್ನ ಮೇಷ್ಟ್ರಿಕೆ ಮುಗಿದ ಮೇಲೆ ಬ್ರಹ್ಮಾವರದ ನಿನ್ನ ಮನೆಗೆ ಅಮೆರಿಕದ ಕಾಗದ ಹಿಡಿದು ಮಕ್ಕಳು ಬರುತ್ತಾರೆ, ನೀನು ಕೂತು ತುಂಬಿಸಿ ಕೊಡುತ್ತೀ. ಒಬ್ಬ ಹುಡುಗಿಯೂ ಹಾಗೇ ಬಂದಳು. ಶಾನುಭೋಗರ ಮರಿಮಗಳು ಎಂದು ತಿಳಿದದ್ದೇ, ನೀನು ಕಾಗದ ಬಿಡಿಸದೆ ಹಿಂದಕ್ಕೆ ಕೊಟ್ಟೆ. "ನಿಮ್ಮನಿಯರ್ ಬರ್ದದ್ದ್ ನಂಗ್ ಸಾಕ್" ಎಂದೆ. ಹುಡುಗಿಗೆ ಏನೂ ತಿಳಿಯಲಿಲ್ಲ, ಚಪ್ಪಲಿ ಮೆಟ್ಟಿ ಹೋದಳು. ನಾನು ಅಲ್ಲೇ ಬಸಳೆ ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

ಅವಳಿಗೆ ಗುರುವಾರ ಬರಲು ಹೇಳಿ ಕಳಿಸಿದ್ದೇನೆ, ಅಪ್ಪನನ್ನೂ ಕರೆದುಕೊಂಡು. ಇಲ್ಲಿ ಬರೆದದ್ದನ್ನು ನಿನ್ನ ಜಗಲಿಯಲ್ಲೇ ಅವರೆದುರು ನಾನೇ ಹೇಳುತ್ತೇನೆ. ಬೇರೆ ಯಾರು ಕೂತಿದ್ದರೂ ಸರಿ. ನನ್ನ ಹತ್ತಿರ ಮಾತು ಬಿಡುವುದಾದರೆ ಬಿಡು. ಆ ಹುಡುಗಿಯ ಕಾಗದ ಮಾತ್ರ ತೆಗೆದುಕೋ.