ಎಡಗಡೆಯ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದಶಮಾಂಶ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆಯಿದ್ದ ಸ್ಪೀಕರ್ ಪೆಟ್ಟಿಗೆಯ ಹಿಂದೆ ಮಂಡಿಯೂರಿ ಕೂತಿದ್ದರು. ಬಲಗೈಯಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿ, ಎಡಗೈಯಲ್ಲಿ ಎರಡು ತುಂಡು ತಂತಿ. ಅಂಥ ಪೆಟ್ಟಿಗೆಗಳು ಅಲ್ಲಿ ಎರಡಿದ್ದವು. ಹನ್ನೊಂದಕ್ಕೆ ನೃತ್ಯಶಾಲೆಯ ಟೀಚರ್ ಬಂದು ಎರಡನ್ನೂ ಒಯ್ಯುವವರಿದ್ದರು. ಒಂದೊಂದೂ ಐವತ್ತೆಂಟು ಕಿಲೋ ಇದ್ದುದರಿಂದ ಎತ್ತಲು ಕೈಜೋಡಿಸೋಣವೆಂದು ನಾನು ಹೋಗಿದ್ದೆ.

"ಕೊಡೋ ಮುಂಚೆ ಒಂದ್ಸಲ ನೋಡಿಬಿಡೋಣ," ಎಂದರು. "ನೀವು ಮುಂದೆ ನಿಂತು ಕೋನ್ ಯಾವ ಕಡೆ ಹೋಗುತ್ತೆ ಹೇಳಿ."

ಬಲಗಡೆಯ ಪೆಟ್ಟಿಗೆಗೆ ಬ್ಯಾಟರಿ ತಾಗಿಸಿದಾಗ ಹನ್ನೆರಡು ಅಂಗುಲದ ಕಪ್ಪು ಕಾಗದದ ಕೋನ್ ಟಪ್ ಎಂದು ಹೊರಗೆ ಉಬ್ಬಿತು. ಎಡಗಡೆಯದಕ್ಕೆ ತಾಗಿಸಿದರು.

"ಒಳಗೆ ಹೋಯ್ತು ಸಾರ್."

"ಹೊರಗೆ ಅನ್ನಿ."

"ಒಳಗೆ ಹೋಗಿದ್ದನ್ನ ಹೊರಗೆ ಅಂತ ಹೆಂಗನ್ನಲಿ?"

ಅವರೇ ಎದ್ದು ಮುಂದೆ ಬಂದರು, ಬ್ಯಾಟರಿ ನನ್ನ ಕೈಗೆ ಕೊಟ್ಟರು. ಮೂರು ಸಲ ನೋಡಿದರು. ಆಮೇಲೆ ಕುರ್ಚಿ ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕೂತುಬಿಟ್ಟರು.

ಸ್ಪೀಕರಿನ ಕೆಂಪು ತುದಿಗೆ ಬ್ಯಾಟರಿಯ ಪ್ಲಸ್ ತಾಗಿಸಿದರೆ ಕೋನ್ ಮುಂದಕ್ಕೆ ಬರಬೇಕು. ಜೋಡಿಯಲ್ಲಿ ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ನುಂಗುತ್ತದೆ. ಮೇಲಿನ ಸ್ವರಗಳು ಹೇಗೋ ಪಾರಾಗುತ್ತವೆ, ತಳದ ದಪ್ಪ ಸ್ವರಗಳು ಮಾತ್ರ ಕೋಣೆಯ ನಡುವೆ ಸೊರಗಿಹೋಗುತ್ತವೆ. ಸ್ಪೀಕರ್ ಕಟ್ಟುವವರು ಮೊದಲ ದಿನವೇ ಕಲಿಯುವ ಪಾಠ ಇದು. ದಶಮಾಂಶರಿಗೆ ಗೊತ್ತಿರಲಿಲ್ಲವೆಂದಲ್ಲ.

"ಹಾಗಾದ್ರೆ ಭಾವನ ಕಣ್ಣು..." ಎಂದರು.

ದಶಮಾಂಶ ಎಂಬುದು ನಮ್ಮ ಆಫೀಸು ಕೊಟ್ಟ ಹೆಸರು. ನೀರು ಸರಬರಾಜಿನ ಮೀಟರುಗಳನ್ನು ಪರೀಕ್ಷಿಸುವ ಶೆಡ್ಡಿನಲ್ಲಿ ಅವರು ಮೂವತ್ತೊಂದು ವರ್ಷ ದುಡಿದರು. ಕೊನೆಯ ಹನ್ನೊಂದು ವರ್ಷ ನಾನು ಪಕ್ಕದ ಮೇಜಿನಲ್ಲಿದ್ದೆ. ಒಂದು ಮೀಟರನ್ನು ಕೊಳಾಯಿಗೆ ಸಿಕ್ಕಿಸುವುದು, ನೂರು ಲೀಟರ್ ಹರಿಸುವುದು, ಅಳತೆಯ ತೊಟ್ಟಿ ಎಷ್ಟು ತೋರಿಸಿತು, ಮೀಟರು ಎಷ್ಟು ತೋರಿಸಿತು ಎಂದು ಬರೆಯುವುದು, ಬಿಚ್ಚುವುದು, ಮುಂದಿನದನ್ನು ಸಿಕ್ಕಿಸುವುದು. ಒಂದು ಸಲಕ್ಕೆ ಒಂದೇ. ಕ್ಯಾಂಟೀನಿನವನು ಟೀಗೆ ಸಕ್ಕರೆ ಎಷ್ಟು ಎಂದು ಕೇಳಿದರೆ "ಒಂದೂಕಾಲು ಚಮಚ" ಎನ್ನುತ್ತಿದ್ದರು. ಅವನು ಒಮ್ಮೆ, "ಕಾಲು ಚಮಚ ಇನ್ನೂ ಹುಟ್ಟಿಲ್ಲ ಸಾರ್, ಹುಟ್ಟಿದ ಮೇಲೆ ಹಾಕ್ತೀನಿ," ಎಂದದ್ದು ಶೆಡ್ಡಿನಲ್ಲಿ ಒಂದು ವಾರ ಓಡಾಡಿತು. ಆದರೆ ಅವರು ಸಹಿ ಮಾಡಿ ಕಳಿಸಿದ ಮೀಟರು ತಪ್ಪೆಂದು ವಾಪಸು ಬಂದದ್ದನ್ನು ನಾನು ನೋಡಿಲ್ಲ.

ತಮ್ಮ ಮನೆಗೆ ದೊಡ್ಡ ಸ್ಪೀಕರುಗಳನ್ನು ತಾವೇ ಕಟ್ಟಿಕೊಳ್ಳಬೇಕೆಂಬುದು ಅವರ ಒಂದೇ ಹುಚ್ಚು. ಎರಡು ವರ್ಷ ಲೆಕ್ಕ ಹಾಕಿದರು. ಡ್ರೈವರುಗಳನ್ನು, ಅಂದರೆ ಧ್ವನಿ ಹೊರಡಿಸುವ ಆ ಕೋನುಗಳನ್ನು ಕೊಳ್ಳಲು ಹೋದಾಗ ಅಳೆಯುವ ಯಂತ್ರವನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದರು. ಎಂಟನ್ನು ಬಿಚ್ಚಿಸಿ, ಒಂದೊಂದನ್ನೂ ಅಳೆದು, ತೀರ ಹತ್ತಿರ ಹೊಂದುವ ಎರಡನ್ನು ಆರಿಸಲು ಮೂರು ಗಂಟೆ ಹಿಡಿಯಿತು. ಅಂಗಡಿಯವನು ಆಕಳಿಸುತ್ತ, "ಸಾರ್, ನೀವು ಕೊಂಡ್ಕೊಳ್ತಿದೀರೋ ದತ್ತು ತಗೊಳ್ತಿದೀರೋ?" ಎಂದನಂತೆ.

ಪೆಟ್ಟಿಗೆ ಮಾಡಿದವರು ಭಾವ. ದಶಮಾಂಶರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನ ಗಂಡ. ಊರಿನ ಆ ಭಾಗದಲ್ಲಿ ಒಳ್ಳೆಯ ಕೆಲಸಕ್ಕೆ ಹುಡುಕಿಕೊಂಡು ಬರುತ್ತಿದ್ದ ಬಡಗಿ. ಮನೆಯ ಹಿಂದಿನ ತಗಡಿನ ಚಪ್ಪರವೇ ಅವರ ಕಾರ್ಖಾನೆ. ಅವರಿಗೆ ಅಳತೆಪಟ್ಟಿ ಬೇಕಾಗುತ್ತಿದ್ದುದು ಕೊಯ್ಯುವಾಗ ಮಾತ್ರ. ಜೋಡಿಸಿದ ಮೇಲೆ ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡುವರು, ಸಂದಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುವರು. ಉಗುರು ಎಲ್ಲಿಯೂ ತಡೆಯದಿದ್ದರೆ ಕೆಲಸ ಮುಗಿಯಿತು. ದಶಮಾಂಶರ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಗೆರೆಗಳನ್ನು ಕಂಡು, "ಏನಪ್ಪಾ, ಇದರೊಳಗೆ ಗಾಳಿ ತುಂಬ್ತೀಯೋ ಬಂಗಾರ ತುಂಬ್ತೀಯೋ?" ಎಂದು ನಕ್ಕರಂತೆ. ನಕ್ಕರೂ ನಾಲ್ಕು ತಿಂಗಳು ಬೇರೆ ಆರ್ಡರುಗಳ ನಡುವೆ ಕೂತು ಎರಡು ಪೆಟ್ಟಿಗೆ ಮಾಡಿಕೊಟ್ಟರು. ಹದಿನೆಂಟು ಮಿಲಿಮೀಟರಿನ ಪ್ಲೈವುಡ್, ಮುಂದಿನ ಮುಖಕ್ಕೆ ಎರಡು ಪದರ, ಮೇಲೆ ತೇಗದ ತೆಳುಹಾಳೆ. ದಶಮಾಂಶರ ಹೆಂಡತಿ ನೋಡಿದವರೇ, "ಮಾತು ಬಿಟ್ಟ ಬೀಗರು ಬಂದು ನಿಂತ ಹಾಗಿದೆ ಕಣ್ರೀ," ಎಂದರು.

ಒಳಗಿನ ತಂತಿಯ ಕೆಲಸವೆಲ್ಲ ದಶಮಾಂಶರದೇ. ಪೆಟ್ಟಿಗೆಯ ಹಿಂಭಾಗದಲ್ಲಿ ಅಕ್ಕಪಕ್ಕ ಕೆಂಪು ಮತ್ತು ಕಪ್ಪು ತುದಿಗಳಿರುವ ಅಂಗೈಯಗಲದ ಫಲಕವೊಂದನ್ನು ಕೂರಿಸಬೇಕು. ಆ ಎರಡು ಫಲಕಗಳನ್ನು ಅವರು ಒಂದೇ ಸಂಜೆ, ಒಂದೇ ಮೇಜಿನ ಮೇಲೆ ಬೆಸುಗೆ ಹಾಕಿದರು. ಬೆಸುಗೆ ಹಿಂದಿನಿಂದ ಹಾಕಬೇಕಾದ್ದರಿಂದ ಫಲಕವನ್ನು ಮಗುಚಬೇಕು. ಒಂದನ್ನು ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ಮಗುಚಿದರು, ಇನ್ನೊಂದನ್ನು ತಲೆಕೆಳಗಾಗಿ. ಪಕ್ಕಕ್ಕೆ ಮಗುಚಿದರೆ ಕೆಂಪು ತುದಿ ಬದಿ ಬದಲಿಸುತ್ತದೆ, ತಲೆಕೆಳಗು ಮಾಡಿದರೆ ಇದ್ದ ಬದಿಯಲ್ಲೇ ಉಳಿಯುತ್ತದೆ. ಎರಡಕ್ಕೂ ಅವರು ಒಂದೇ ಕಡೆ ಕೆಂಪು ತಂತಿ ಹಚ್ಚಿದರು, ಒಂದರಲ್ಲಿ ಅದು ಕಪ್ಪು ತುದಿಗೆ ಬಿತ್ತು. ಆಮೇಲೆ ಶೆಡ್ಡಿನ ರೂಢಿಯಂತೆ ಪೆಟ್ಟಿಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಒಂಟಿಯಾಗಿ ನುಡಿಯುವಾಗ ಈ ತಪ್ಪು ಅವರ ಅಳತೆಯ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎರಡೂ ಪಾಸಾದವು.

ಜೋಡಿಯಾಗಿ ಹಾಡು ಹಾಕಿದ ದಿನ ತಳದ ಸ್ವರ ಇರಲಿಲ್ಲ. ಎರಡು ವರ್ಷ ಕಾದದ್ದು ಬರಲಿಲ್ಲ. ಗಾಯಕಿ ಎಲ್ಲೋ ಪಕ್ಕದ ಮನೆಯ ಬಚ್ಚಲಲ್ಲಿ ನಿಂತು ಹಾಡಿದಂತಿತ್ತು.

ದಶಮಾಂಶ ಮತ್ತೆ ಅಳೆಯಲು ಹೊರಟರು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಹಾಗೆ ಪ್ರತಿ ಪೆಟ್ಟಿಗೆಗೂ ತನ್ನದೇ ಒಂದು ತಳಸ್ವರವಿರುತ್ತದೆ. ಬಲಗಡೆಯದು ಮೂವತ್ತೊಂದು ಹರ್ಟ್ಸ್ ತೋರಿಸಿತು, ಎಡಗಡೆಯದು ಮೂವತ್ತೆರಡು. ಸಿಕ್ಕಿತು, ಎಂದುಕೊಂಡರು. ಎಡಗಡೆಯ ಪೆಟ್ಟಿಗೆಯನ್ನು ಬಿಚ್ಚಿ ಅಂಗಾತ ಮಲಗಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಶೆಡ್ಡಿನಿಂದ ತಂದ ಅಳತೆಯ ಪಾತ್ರೆಯಿಂದ ನೀರು ತುಂಬಿದರು. ಬಲಗಡೆಯದಕ್ಕೂ ಹಾಗೇ ಮಾಡಿದರು. ಹೆಂಡತಿ ಎರಡು ದಿನ ನೆಲ ಒರೆಸಿದರು. ನೂರಹತ್ತು ಲೀಟರಿನಲ್ಲಿ ಎಡಗಡೆಯದು ಸುಮಾರು ನಾಲ್ಕು ಲೀಟರ್ ಕಡಿಮೆ ಬಂತು.

"ಆ ಪಕ್ಕದ ಹಲಗೆ ಬಡಿದ್ರೆ ಗುಂಯ್ ಅಂತಿತ್ತು ಕಣಪ್ಪ," ಎಂದರು ಭಾವ. "ಅದಕ್ಕೇ ಒಳಗೆ ಅಡ್ಡಪಟ್ಟಿ ದಪ್ಪಗೆ ಹಾಕಿದೆ."

"ನಕ್ಷೇಲಿ ಇಲ್ವಲ್ಲ ಭಾವ."

ಭಾವ ಎಡಗಡೆಯ ಪೆಟ್ಟಿಗೆಯನ್ನು ಹೊಸದಾಗಿ, ನಕ್ಷೆಯಲ್ಲಿದ್ದಂತೆಯೇ ಇನ್ನೊಮ್ಮೆ ಮಾಡಿಕೊಟ್ಟರು. ದಶಮಾಂಶ ಹಳೆಯದರಿಂದ ಡ್ರೈವರನ್ನೂ ಹಿಂದಿನ ಫಲಕವನ್ನೂ ತಂತಿಸಮೇತ ತೆಗೆದು ಹೊಸದಕ್ಕೆ ಕೂರಿಸಿದರು. ಅಳೆದರೆ ಎರಡೂ ಮೂವತ್ತೊಂದು. ಹಾಡು ಹಾಕಿದರೆ ಮೊದಲಿನ ಹಾಗೆಯೇ.

ಇನ್ನು ಅಳೆಯಲು ಏನೂ ಉಳಿದಿರಲಿಲ್ಲ. ತಮ್ಮ ಬೆಸುಗೆಯ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ತಮ್ಮ ಅಳತೆಗೆ ಸಿಗದ ಯಾವುದೋ ಸೂಕ್ಷ್ಮ ಸಂದು ಮರದಲ್ಲೇ ಇರಬೇಕೆಂದು ದಶಮಾಂಶ ತೀರ್ಮಾನಿಸಿದರು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಚಪ್ಪರದಡಿ ಭಾವನ ಪಕ್ಕ ಕೂತು ಮೆತ್ತಗೆ ಹೇಳಿದರು: "ಭಾವ, ಬೇಜಾರು ಮಾಡ್ಕೋಬೇಡಿ. ವಯಸ್ಸಾಗ್ತಾ ಎಲ್ಲರಿಗೂ ಆಗುತ್ತೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಜಗಳ ತೆಗೆದಿದ್ದರೆ ಭಾವ ತಿರುಗಿ ಬೈಯುತ್ತಿದ್ದರು, ಬೈದು ಮರೆಯುತ್ತಿದ್ದರು. ಇದು ಕಾಳಜಿಯ ಮಾತು. ಹೇಳಿದವನು ಜೀವಮಾನದಲ್ಲಿ ಅಂದಾಜಿನ ಮೇಲೆ ಒಂದು ಮಾತಾಡಿದವನಲ್ಲ. ಭಾವ ನಂಬಿದರು.

ಕಣ್ಣಿನ ಡಾಕ್ಟರು ಓದುವ ಕನ್ನಡಕ ಬಿಟ್ಟರೆ ಬೇರೇನೂ ಬೇಕಿಲ್ಲ ಎಂದರು. ಅದರಿಂದ ಏನೂ ಬದಲಾಗಲಿಲ್ಲ. ಅಕ್ಕ ಒಮ್ಮೆ ಫೋನಿನಲ್ಲಿ, "ನಿಮ್ಮ ಭಾವ ಈಗ ಒಂದೊಂದು ಹಲಗೇನೂ ಮೂರು ಮೂರು ಸಲ ಅಳೀತಾರೆ ಕಣೋ, ನಿನ್ನ ಗಾಳಿ ಬಡೀತು," ಎಂದಾಗ ದಶಮಾಂಶ ಹಿಗ್ಗಿ ನಮಗೆಲ್ಲ ಹೇಳಿದ್ದು ನನಗೆ ನೆನಪಿದೆ. ಭಾವನ ಕೆಲಸ ನಿಧಾನವಾಯಿತು. ಮಾಡಿದ್ದನ್ನು ತಾವೇ ಬಿಚ್ಚಿ ಮತ್ತೆ ಮಾಡುತ್ತಿದ್ದರು. ಕಾದು ಸಾಕಾದ ಗಿರಾಕಿಗಳು ಬೇರೆಡೆ ಹೋದರು. ಎರಡು ವರ್ಷದೊಳಗೆ ಭಾವ ಕೀಸುಳಿ, ಉಳಿ, ಗರಗಸಗಳನ್ನು ಪರಿಚಯದ ಬಡಗಿಯೊಬ್ಬರಿಗೆ ಕೊಟ್ಟು, ಪೀಠೋಪಕರಣದ ಮಳಿಗೆಯೊಂದರ ಗೋದಾಮಿನಲ್ಲಿ ಡಬ್ಬ ಎಣಿಸುವ ಕೆಲಸಕ್ಕೆ ಸೇರಿದರು. ಬಿಡಿಭಾಗಗಳಾಗಿ ಬರುವ ಕಪಾಟುಗಳು. ಬಾಗಿಲು ಹಾಕಿದರೆ ಬೆರಳು ತೂರುವಷ್ಟು ಸಂದು. ಅವರು ಚೀಟಿ ನೋಡಿ ಟಿಕ್ ಹಾಕುತ್ತಿದ್ದರು. ನೆರಳಲ್ಲಿ ಕೂತು ಮಾಡುವ ಕೆಲಸ, ಈ ವಯಸ್ಸಿಗೆ ಒಳ್ಳೆಯದಾಯಿತು ಎಂದು ದಶಮಾಂಶ ಅಕ್ಕನಿಗೆ ಹೇಳಿದ್ದರು.

ಸ್ಪೀಕರುಗಳು ಎಂಟು ವರ್ಷ ಮೂಲೆಯಲ್ಲಿ ನಿಂತವು. ಮೇಲೆ ಮಡಿಸಿದ ಬಟ್ಟೆ ಇಡುತ್ತಿದ್ದರು.

ಆ ಭಾನುವಾರ ನೃತ್ಯಶಾಲೆಯ ಟೀಚರನ್ನು ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು. ಆಮೇಲೆ ಎಡಗಡೆಯ ಪೆಟ್ಟಿಗೆಯ ಹಿಂದೆ ಕೆಂಪಿನಲ್ಲಿದ್ದ ತಂತಿಯನ್ನು ಕಪ್ಪಿಗೂ, ಕಪ್ಪಿನಲ್ಲಿದ್ದುದನ್ನು ಕೆಂಪಿಗೂ ಹಾಕಿ ಹಾಡು ಹಚ್ಚಿದರು. ಕಿಟಕಿಯ ಗಾಜು ನಡುಗಿತು. ತಳದ ಸ್ವರ ನೆಲದಿಂದಲೇ ಎದ್ದು ಬಂದು ನಮ್ಮ ಕಾಲಿಗೆ ತಾಗಿತು. ಅವರ ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದು, "ಇದು ಅವೇ ಪೆಟ್ಟಿಗೆಗಳಾ?" ಎಂದರು. ದಶಮಾಂಶ ಹಾಡು ಮುಗಿಯುವವರೆಗೂ ಕಾಯಲಿಲ್ಲ. ಆರಿಸಿ, "ಕಾರು ತಂದಿದೀರಲ್ಲ, ಅಕ್ಕನ ಮನೆಗೆ ಬಿಡ್ತೀರಾ?" ಎಂದು ನನ್ನನ್ನು ಕೇಳಿದರು.

ಬಾಗಿಲು ತೆಗೆದ ಅಕ್ಕ, "ಏನೋ, ದಾರಿ ತಪ್ಪಿ ಬಂದ್ಯಾ? ಇವತ್ತು ಯಾರ ಮನೆ ತೊಟ್ಟಿ ಅಳೀಬೇಕು?" ಎಂದರು. ತಮ್ಮನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪಡಸಾಲೆಯಲ್ಲಿ ಬೇಡವಾದ ಆ ಹಳೆಯ ಪೆಟ್ಟಿಗೆ ನಿಂತಿತ್ತು. ಒಳಗೆ ಹಲಗೆ ಕೂರಿಸಿ ಚಪ್ಪಲಿ ಇಡಲು ಬಳಸಿದ್ದರು. ನಾನು ಅದರ ಮೂಲೆಯ ಮೇಲೆ ಉಗುರು ಎಳೆದು ನೋಡಿದೆ. ಎಲ್ಲಿಯೂ ತಡೆಯಲಿಲ್ಲ.

ಭಾವ ಕಿಟಕಿ ಪಕ್ಕ ಪೇಪರು ಹಿಡಿದು ಕೂತಿದ್ದರು. ದಶಮಾಂಶ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಫಲಕ ಮಗುಚಿದ್ದು, ಬೆಸುಗೆ, ಬ್ಯಾಟರಿ, ಯಾವುದನ್ನೂ ಬಿಡಲಿಲ್ಲ. "ಪೆಟ್ಟಿಗೇಲಿ ಏನೂ ದೋಷ ಇರ್ಲಿಲ್ಲ ಭಾವ. ಮೊದಲನೇದ್ರಲ್ಲೂ ಇರ್ಲಿಲ್ಲ. ಆ ನಾಲ್ಕು ಲೀಟರಿಂದ ಏನೂ ಆಗ್ತಿರ್ಲಿಲ್ಲ. ತಪ್ಪು ಪೂರ್ತಿ ನಂದು."

"ಸಮಾಧಾನಕ್ಕೆ ಹೇಳ್ತಿದೀಯೇನೋ?"

"ನಾನು ಸಮಾಧಾನಕ್ಕೆ ಅಂತ ಏನಾದ್ರೂ ಹೇಳಿದ್ದುಂಟಾ?"

"ಅದೂ ನಿಜ," ಎಂದರು ಭಾವ. ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು. "ಅಂದ್ರೆ ನನ್ನ ಕಣ್ಣು ಸರಿ ಇತ್ತು."

"ಸರಿ ಇತ್ತು."

ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ಅವರ ಬಾಯಿಂದ ಬೈಗುಳ ಬರುತ್ತದೆಂದು ನಾನು ಕಾದೆ. ಅವರು ಒಳಗೆ ಹೋದರು.

"ಮತ್ತೆ ಶುರು ಮಾಡಿ ಭಾವ," ಎಂದರು ದಶಮಾಂಶ. "ಸಾಮಾನು ಎಲ್ಲಾ ನಾನು ತಂದುಕೊಡ್ತೀನಿ. ಚಪ್ಪರ ಇದ್ದೇ ಇದೆ."

"ಚಪ್ಪರದಲ್ಲಿ ನಿಮ್ಮಕ್ಕ ಸೌದೆ ತುಂಬಿದಾಳೆ." ಭಾವ ತಮ್ಮ ಬಲಗೈ ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಹೆಬ್ಬೆರಳಿನ ಉಗುರನ್ನು ಗಿಡ್ಡಗೆ ಕತ್ತರಿಸಿದ್ದರು. "ಹೋದ ತಿಂಗಳು ಈ ಮನೆ ಕಿಟಕಿಗೆ ಒಂದು ಪಟ್ಟಿ ಹೊಡೀಬೇಕಿತ್ತು. ಅರ್ಧ ದಿನ ಅಳೆದೆ. ಆಮೇಲೆ ಬೇರೆಯವರನ್ನ ಕರೆಸಿದೆ. ಬಿಡು, ಆಗಲ್ಲ."

ಆಮೇಲೆ ಭಾವ, ಒಬ್ಬ ಕೆಲಸಗಾರ ಇನ್ನೊಬ್ಬನನ್ನು ವಿಚಾರಿಸುವಂತೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದರು: "ಅಲ್ಲಪ್ಪಾ, ನಾನು ಒಂದು ಪೆಟ್ಟಿಗೇನೇ ಎರಡು ಸಲ ಮಾಡಿದೆನಲ್ಲ. ಇವತ್ತು ನಿಂಗೆ ಅದನ್ನ ಸರಿಮಾಡೋಕೆ ಎಷ್ಟು ಹೊತ್ತು ಹಿಡೀತು?"

ಸ್ವಲ್ಪ ಹೊತ್ತು ಎಂದಿದ್ದರೆ ಸಾಕಿತ್ತು. ಆ ಮಾತು ಅವರಿಗೆ ಬರುತ್ತಿರಲಿಲ್ಲ. ದಶಮಾಂಶ ನೆಲ ನೋಡುತ್ತ ಹೇಳಿದರು:

"ನಲವತ್ತು ಸೆಕೆಂಡು."