ಹದ್ದಿನ ಕಣ್ಣಿನವನ ಗ್ಲೈಡರ್

ಶಾಲಾ ಬಸ್ಸಿನ ಆ ಡ್ರೈವರನನ್ನು ಗ್ಲೈಡರ್ ಹಾರಿಸುವ ಮೈದಾನದಲ್ಲಿ ಎಲ್ಲರೂ ‘ಹದ್ದು’ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಆಕಾಶದಲ್ಲಿ ಸಾಸಿವೆ ಕಾಳಿನಷ್ಟಾದ ಗ್ಲೈಡರನ್ನೂ ಗುರುತು ಹಿಡಿದು, ರಿಮೋಟಿನ ಕಡ್ಡಿಗಳನ್ನು ಬೆರಳ ತುದಿಯಲ್ಲೇ ಆಡಿಸುತ್ತ, ಗುರುತು ಹಾಕಿದ ಜಾಗಕ್ಕೆ ತಂದು ಇಳಿಸುತ್ತಿದ್ದವನು. ಎಂಜಿನ್ ಇಲ್ಲದ ಪುಟ್ಟ ಮಾದರಿ ವಿಮಾನ ಅದು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನು ಹುಡುಕಿ, ಅದರೊಳಗೇ ಸುತ್ತು ಹಾಕುತ್ತಿರಬೇಕು. ಗಾಳಿ ತಪ್ಪಿತೋ, ನೆಲವೇ ಗತಿ.

ಇದೆಲ್ಲ ಹಳೆಯ ಮಾತು. ಒಂದು ವರ್ಷದಿಂದ ಹದ್ದಿಗೆ ದೂರದ್ದೆಲ್ಲ ಮಸುಕು ಮಸುಕು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಸ್ಸು ಕೈಬಿಡುತ್ತದೆ, ಹೊಟ್ಟೆಪಾಡು ಹೋಗುತ್ತದೆ, ಎಲ್ಲಕ್ಕಿಂತ ಮೇಲಾಗಿ ಆ ಅಡ್ಡಹೆಸರು ಹೋಗುತ್ತದೆ. ‘ದಾರಿ ನನಗೆ ಬಾಯಿಪಾಠ, ಕಣ್ಣು ಕಟ್ಟಿ ಬಿಟ್ಟರೂ ಓಡಿಸುತ್ತೇನೆ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಬೇರೆಯವರಿಗೆ ಹೇಳುವ ಸುಳ್ಳಿಗಾದರೂ ಒಂದು ಮಿತಿ ಇರುತ್ತದೆ, ತನಗೆ ಹೇಳಿಕೊಳ್ಳುವುದಕ್ಕೆ ಅದೂ ಇಲ್ಲ.

ಅವನ ಅಕ್ಕನದು ಇಸ್ತ್ರಿ ಅಂಗಡಿ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇದ್ದಳು. ಸ್ಪರ್ಧೆ ಹತ್ತಿರ ಬಂತೆಂದರೆ ಅಂಗಡಿಯ ಮೇಜು ಗಿರಾಕಿಗಳ ಪ್ಯಾಂಟಿಗಿಂತ ಗ್ಲೈಡರಿನ ರೆಕ್ಕೆಗೇ ಮೀಸಲು. ರೆಕ್ಕೆಯ ಹಗುರ ಮರದ ಪಟ್ಟಿಗಳ ಮೇಲೆ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಆಡಿಸಿದರೆ ಅದು ಸುಕ್ಕಿಲ್ಲದೆ ಬಿಗಿದುಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ತೂತು. ಆ ಹದ ಅಕ್ಕನ ಕೈಗೆ ಮಾತ್ರ ಗೊತ್ತಿತ್ತು.

“ರೆಕ್ಕೆ ಅಡೀಲಿರೋ ಕಪ್ಪು ಪಟ್ಟಿ ಇನ್ನೊಂಚೂರು ಅಗಲ ಮಾಡಕ್ಕಾ,” ಎಂದ ಹದ್ದು.

“ಹೋದ ಸಲ ತಾನೇ ಮಾಡಿದ್ದು! ಹೀಗೇ ಆದ್ರೆ ರೆಕ್ಕೆ ಪೂರ್ತಿ ಕಪ್ಪಾಗುತ್ತೆ ಅಷ್ಟೆ. ಯಾಕೋ, ಕಾಣಲ್ವಾ ನಿಂಗೆ?”

“ನಂಗೆ ಕಾಣ್ದೆ ಏನು? ತೀರ್ಪು ಕೊಡೋರಿಗೆ ಕಾಣ್ಬೇಕಲ್ಲ!”

ಅಕ್ಕ ಒಂದು ಗಳಿಗೆ ಅವನ ಮುಖ ನೋಡಿ, ಮತ್ತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು.

ಸ್ಪರ್ಧೆಗೆ ಮೊದಲಿನ ಕೊನೆಯ ಭಾನುವಾರದ ಅಭ್ಯಾಸ. ತಂಡದ ಮುಖ್ಯಸ್ಥ ಶಾಲೆಯ ಬಸ್ಸುಗಳ ಸೂಪರ್‌ವೈಸರ್, ಅಂದರೆ ಹದ್ದಿನ ಮೇಲಧಿಕಾರಿಯೂ ಅವನೇ. ಹಾರಿಸುವವನ ಬೆನ್ನ ಹಿಂದೆ ಒಬ್ಬ ಸಹಾಯಕ ನಿಂತು, ಹೊತ್ತು ಎಷ್ಟಾಯಿತು, ಬೇರೆಯವರ ಗ್ಲೈಡರ್ ಎಲ್ಲಿದೆ ಎಂದು ಹೇಳುತ್ತಿರಬೇಕು. ಹದ್ದಿಗೆ ಆ ಕೆಲಸ ಮಾಡುತ್ತಿದ್ದವಳು ಅಕ್ಕ. ಆ ದಿನ ಒಳ್ಳೆಯ ಗಾಳಿ ಎದ್ದಿತ್ತು, ಮೂರು ಗ್ಲೈಡರುಗಳು ಒಂದೇ ಗಾಳಿಯಲ್ಲಿ ಸುತ್ತುತ್ತಿದ್ದವು. ಒಂದಕ್ಕೊಂದು ಡಿಕ್ಕಿಯಾಗದಿರಲಿ ಎಂದು ಎಲ್ಲರೂ ಒಂದೇ ದಿಕ್ಕಿಗೆ ತಿರುಗಿಸುವುದು ವಾಡಿಕೆ. ಹದ್ದು ರಿಮೋಟಿನ ಕಡ್ಡಿಯನ್ನು ಎಡಕ್ಕೆ ಎಳೆದ, ಅವನು ನೋಡುತ್ತಿದ್ದ ಗ್ಲೈಡರ್ ಎಡಕ್ಕೆ ಹೋಯಿತು. ಮತ್ತೆ ಎಳೆದ, ಮತ್ತೆ ಹೋಯಿತು.

“ನೋಡು, ಹೇಳಿದ ಮಾತು ಹೇಗೆ ಕೇಳುತ್ತೆ!” ಎಂದ.

“ಅದು ನಿಂದಲ್ಲ ಕಣೋ! ನಿಂದು ಕೆಳಗಿದೆ, ಬಲಗಡೆ!”

“ಬಾಯಿ ಮುಚ್ಕೊಂಡು ನಿಂತ್ಕೋ! ನನ್ನ ವಿಮಾನ ನಂಗೆ ಗೊತ್ತಿಲ್ವಾ?” ಎಂದು ಮೈದಾನಕ್ಕೆಲ್ಲ ಕೇಳುವಂತೆ ಗದರಿದ.

ಅವನ ಮಾತು ಮುಗಿಯುವಷ್ಟರಲ್ಲಿ ಮೈದಾನದ ಅಂಚಿನ ಕಾಂಪೌಂಡಿಗೆ ಏನೋ ಫಟ್ಟೆಂದು ಬಡಿಯಿತು. ಮೇಲಿನದು ಮಾತ್ರ ನೆಮ್ಮದಿಯಾಗಿ ಸುತ್ತುತ್ತಲೇ ಇತ್ತು. ಅದು ತಂಡದ ಇನ್ನೊಬ್ಬನದು, ಔಷಧಿ ಅಂಗಡಿಯವನದು.

“ಯಾರದೋ ಮಗೂಗೆ ತೊಟ್ಟಿಲು ತೂಗ್ತಿದ್ಯಲ್ಲಪ್ಪ!” ಎಂದ ಔಷಧಿ ಅಂಗಡಿಯವನು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಸೂಪರ್‌ವೈಸರ್ ನಗಲಿಲ್ಲ. “ಏನಾಯ್ತು?” ಎಂದು ಕೇಳುತ್ತ ಬಂದ.

ಹದ್ದು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. “ನಂದೇ ತಪ್ಪು ಸಾರ್. ಇವನದು ಯಾವುದು ಅಂತ ನಾನೇ ತಪ್ಪಾಗಿ ತೋರಿಸ್ಬಿಟ್ಟೆ.”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬೈಸಿಕೊಂಡವಳೇ ತನ್ನ ತಲೆಯ ಮೇಲೆ ತಪ್ಪು ಹೊತ್ತುಕೊಂಡಳು, ಬೈದವನು ನೆಲ ನೋಡುತ್ತ ನಿಂತ. ಅವನ ಕಿವಿ ಬಿಸಿಯಾಗಿತ್ತು.

“ಸ್ಪರ್ಧೆಗೆ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೋ,” ಎಂದ ಸೂಪರ್‌ವೈಸರ್. “ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇದು ಕಣ್ಣು ಚುರುಕಾಗಿರೋರ ಕೆಲಸ.”

“ಆಯ್ತು ಸಾರ್,” ಎಂದ ಅಕ್ಕ ಕೊರಳಿನ ಸ್ಟಾಪ್‌ವಾಚ್ ತೆಗೆದು, ಅದರ ದಾರ ಸುತ್ತಿ, ತಮ್ಮನ ಕಡೆ ಚಾಚಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹದ್ದು ಆ ದಿನವೂ ತಪ್ಪಿಸಿಕೊಂಡುಬಿಡುತ್ತಿದ್ದನೇನೋ.

“ಅವಳು ಸರಿಯಾಗೇ ಹೇಳಿದ್ಲು ಸಾರ್,” ಎಂದ. “ನಂಗೇ ಕಾಣಲಿಲ್ಲ. ದೂರದ್ದು ಏನೂ ಸರಿಯಾಗಿ ಕಾಣಲ್ಲ.”

ಅಕ್ಕ ಅವನ ತೋಳು ಹಿಡಿದುಕೊಂಡಳು.

“ಎಷ್ಟು ದಿನದಿಂದ?” ಎಂದು ಕೇಳಿದ ಸೂಪರ್‌ವೈಸರ್.

“ಒಂದು ವರ್ಷ ಆಯ್ತು ಸಾರ್.”

ಸೂಪರ್‌ವೈಸರ್ ಬೈಯುತ್ತಾನೆ ಎಂದುಕೊಂಡಿದ್ದ ಹದ್ದು. ನಾಲ್ಕು ಜನರ ಮುಂದೆ ಚೆನ್ನಾಗಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಅವನು ಬೈಯಲಿಲ್ಲ.

“ನನ್ನ ಮೊಮ್ಮಗಳು ನಿನ್ನ ಬಸ್ಸಲ್ಲೇ ಬರೋದು ಕಣಯ್ಯಾ,” ಎಂದ ಮೆಲ್ಲಗೆ. “ನಿನ್ನ ಹಿಂದಿನ ಸೀಟೇ ಬೇಕು ಅಂತ ಹಟ ಮಾಡ್ತಾಳೆ. ಡ್ರೈವರ್ ಮಾಮನ ಹತ್ರ ಕೂತ್ರೆ ಭಯ ಆಗಲ್ವಂತೆ.”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಹದ್ದಿಗೆ. ಗ್ಲೈಡರ್ ಬಿದ್ದಾಗ ಆದದ್ದು ಬರೀ ಅವಮಾನ, ನಾಚಿಕೆ ಆದದ್ದು ಈಗ. ಒಂದು ವರ್ಷದ ಒಂದೊಂದು ಬೆಳಗ್ಗೆಯೂ, ಬಸ್ಸು ಹತ್ತುವಾಗ ಅವನಿಗೆ ಕೈ ಬೀಸಿದ ಒಂದೊಂದು ಮಗುವೂ ಕಣ್ಣ ಮುಂದೆ ಬಂದವು. ಸೂಪರ್‌ವೈಸರ್ ಅಂಗೈ ಚಾಚಿದ. ಹದ್ದು ಜೇಬಿನಿಂದ ಬಸ್ಸಿನ ಕೀಲಿ ತೆಗೆದು, ಅವನ ಮುಖ ನೋಡಲಾರದೆ, ಆ ಕೈಯಲ್ಲಿಟ್ಟ.