ಅಂಗೈಯಲ್ಲಿ ಅಳಿಸಿದ ಹಂತಗಳು

ನನಗೆ ಹದಿನಾಲ್ಕು ಅಂಕ ಖಚಿತವಿದ್ದವು. ಪಾಸಾಗಲು ನಲವತ್ತಕ್ಕೆ ಹದಿನಾರು ಬೇಕಿತ್ತು. ಬಿ.ಎಸ್ಸಿ. ಎರಡನೇ ವರ್ಷದ ಕ್ಯಾಲ್ಕುಲಸ್ ಪರೀಕ್ಷೆ ಮುಗಿಸಿ ಮರಾಠಿ ಸೀಮೆಯ ಗಡಿಯೂರು ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಉಳಿದ ಎರಡು ಎಲ್ಲಿಂದ ಬರಬಹುದೆಂದು ಹುಡುಕುತ್ತಿದ್ದೆ. ಹಿಂದಿನ ಎರಡು ಪೇಪರುಗಳು ಆಗಲೇ ಬಾಕಿ ಉಳಿದಿದ್ದವು. ಇದೂ ಹೋದರೆ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ, ಒಂದು ವರ್ಷ ಮನೆಯಲ್ಲಿ ಕೂರಬೇಕು.

ಎಂಟು ಅಂಕದ ಐದನೇ ಪ್ರಶ್ನೆಯೊಂದೇ ಆಸೆ. ಒಂದು ಪರವಲಯ, ಅದನ್ನು ಕತ್ತರಿಸುವ ಒಂದು ಸರಳರೇಖೆ, ಎರಡರ ನಡುವೆ ಸಿಕ್ಕ ಜಾಗದ ವಿಸ್ತೀರ್ಣ. ಉತ್ತರ 9/2. ನಾನು ಬರೆದದ್ದು 13/6. ಕೊನೆಯಲ್ಲಿ ಬೆಲೆ ಹಾಕುವಾಗ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಅಷ್ಟಕ್ಕೇ ಯಾವ ಪರೀಕ್ಷಕರೂ ಎಂಟಕ್ಕೆ ಎಂಟು ಕಳೆಯುವುದಿಲ್ಲ, ಹಂತಗಳನ್ನು ನೋಡಿ ಐದಾದರೂ ಕೊಡುತ್ತಾರೆ. ಆದರೆ ನನ್ನ ಹಂತಗಳು ಉತ್ತರಪತ್ರಿಕೆಯಲ್ಲಿ ಇರಲೇ ಇಲ್ಲ. ಅವು ನನ್ನ ಎಡಗೈಯ ಮೇಲಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡಾಪುರದ ಕಡೆಯ ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದ ಗುರುಗಳಿಗೆ ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಗೀಚಿದ್ದನ್ನು ಕಂಡರೆ ಆಗುತ್ತಿರಲಿಲ್ಲ. “ಹಾಳಿ ಹೊಲಸ ಮಾಡಬ್ಯಾಡ್ರಿ. ದೇವರು ಅಂಗೈ ಯಾಕ ಕೊಟ್ಟಾನ?” ಎನ್ನುತ್ತಿದ್ದರು. ಹಾಗಾಗಿ ಬಾಲ್ ಪೆನ್ನಿನಿಂದ ಅಂಗೈ ಮೇಲೆ ಲೆಕ್ಕ ಮಾಡಿ, ಉತ್ತರ ಬಂದ ಮೇಲೆ ಒಂದೊಂದೇ ಹಂತವನ್ನು ವಹಿಗೆ ಚೆಂದವಾಗಿ ಇಳಿಸಿ, ಉಗುಳು ಹಚ್ಚಿ ಒರೆಸಿಬಿಡುವುದು ನಮ್ಮ ಪದ್ಧತಿ. ಸ್ಲೇಟಿಗೆ ನಾವು ಪಾಟಿ ಎನ್ನುತ್ತೇವೆ, ಇದಕ್ಕೆ ಅಂಗೈ ಪಾಟಿ ಎನ್ನುತ್ತಿದ್ದೆವು. ಕಾಲೇಜಿಗೆ ಬಂದ ಮೇಲೆ ಮರಾಠಿ ಶಾಲೆಗಳಿಂದ ಬಂದವರು ನಮ್ಮ ನೀಲಿ ಕೈ ನೋಡಿ ನಗುತ್ತಿದ್ದರು. ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಕಚ್ಚಾ ಲೆಕ್ಕ ಮಾಡಬಹುದೆಂದು ಗೊತ್ತಿದ್ದರೂ ಕಠಿಣ ಲೆಕ್ಕ ಬಂದಾಗ ಪೆನ್ನು ತಾನಾಗಿ ಎಡಗೈಗೆ ಹೋಗುತ್ತಿತ್ತು.

ಅದೇ ಶಾಲೆಯಲ್ಲಿ ನನ್ನ ಜೊತೆ ಕಲಿತವಳೊಬ್ಬಳು ಅಂದು ನನ್ನ ಮುಂದಿನ ಬೆಂಚಿನಲ್ಲಿದ್ದಳು. ಅವಳ ತಾಯಿ ದಾಳಿಂಬೆ ತೋಟಗಳಲ್ಲಿ ಕೂಲಿ ಮಾಡಿ ಅವಳನ್ನು ಓದಿಸುತ್ತಿದ್ದರು. ಅವಳೂ ಐದನೇ ಪ್ರಶ್ನೆಯನ್ನೇ ಬಿಡಿಸುತ್ತಿದ್ದಳು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಲ್ಲಿ ಬರೆಯುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಚಿತ್ರ ಬಿಡಿಸಿ, ಮಿತಿಗಳನ್ನು ಬರೆದು, ಮುಂದಿನದನ್ನು ಕೈ ಮೇಲೆ ಮಾಡಿ, ಜಾಗ ಬಿಟ್ಟು ಕೆಳಗೆ ಉತ್ತರವನ್ನಷ್ಟೇ ಬರೆದಿದ್ದೆ. ಹಂತಗಳನ್ನು ಇಳಿಸಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮೂವರು ಬಂದು ನಿಂತರು. ಭರಾರಿ ಪಥಕ, ಹೇಳದೆ ಕೇಳದೆ ಬರುವ ತಪಾಸಣೆಯ ತಂಡ.

ಅವರಲ್ಲಿದ್ದ ಮೇಡಂ ನೇರವಾಗಿ ನನ್ನ ಗೆಳತಿಯ ಬಳಿ ಬಂದು ಅವಳ ಮಣಿಕಟ್ಟನ್ನು ಹಿಡಿದು ಮೇಲೆತ್ತಿದರು. ಕೈತುಂಬ ಗಣಿತ.

“ರಫ್ ರೀ ಮೇಡಂ. ಈಗ ಮಾಡಿದ್ದು,” ಎಂದಳು ಅವಳು. ಗಾಬರಿಯಲ್ಲಿ ಮರಾಠಿ ಬರಲಿಲ್ಲ.

ಸೂಪರ್‌ವೈಜರ್ ನಮ್ಮ ಕಡೆಯವರೇ. “ಕೈ ಮ್ಯಾಲ ಯಾರವ್ವಾ ರಫ್ ಮಾಡ್ತಾರ?” ಎಂದು ತಲೆ ಅಲ್ಲಾಡಿಸಿದರು. ಕಾಪಿ ಎಂದು ಬರೆದರೆ ಅವಳ ಆ ಸೆಮಿಸ್ಟರಿನ ಎಲ್ಲ ಪೇಪರುಗಳೂ ರದ್ದು. ಮೇಡಂ ಇಡೀ ಕೋಣೆಯ ಕಡೆ ತಿರುಗಿ, “ಹಿಲಾ ಆತ್ತಾ ಲಿಹಿತಾನಾ ಕೋಣೀ ಪಾಹಿಲಂ ಕಾ?” ಎಂದರು. ಈಕೆ ಈಗ ಇಲ್ಲೇ ಬರೆಯುತ್ತಿದ್ದದ್ದನ್ನು ಯಾರಾದರೂ ನೋಡಿದಿರಾ?

ನಾನು ನೋಡಿದ್ದೆ. ಕೋಣೆಯಲ್ಲಿ ನಾನೊಬ್ಬಳೇ ನೋಡಿದ್ದೆ. ಆ ಹೊತ್ತಿನಲ್ಲಿ ನನ್ನ ಎಡಗೈ ಬೆಂಚಿನ ಕೆಳಗೆ ಹೆಗಲ ಮೇಲಿನ ಓಢಣಿಯ ಅಂಚನ್ನು ಹಿಡಿದು ಉಜ್ಜಿಕೊಳ್ಳುತ್ತಿತ್ತು. ಬೆವರಿಗೆ ಶಾಯಿ ಬೇಗ ಬಿಟ್ಟಿತು.

ಅವಳನ್ನು ಹೊರಗೆ ಕರೆದುಕೊಂಡು ಹೋದರು. ಇಪ್ಪತ್ತು ನಿಮಿಷದ ಮೇಲೆ ಮರಳಿ ಬಂದು, ಏನೂ ಆಗದವಳಂತೆ ಕುಳಿತು ಬರೆಯತೊಡಗಿದಳು. ನನ್ನ ಪೆನ್ನು ಮಾತ್ರ ಮುಂದೆ ಹೋಗಲಿಲ್ಲ. ಬಿಟ್ಟ ಜಾಗ ಹಾಗೇ ಉಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ ಅವಳೇ ಎಲ್ಲ ಹೇಳಿದಳು. ತಂಡದ ಹಿರಿಯರೊಬ್ಬರು ಗಣಿತದವರಂತೆ. ಹಾಳೆ ಕೊಟ್ಟು ಅದೇ ಲೆಕ್ಕವನ್ನು ಅವರೆದುರು ಮತ್ತೊಮ್ಮೆ ಮಾಡಿಸಿ, ಸರಿಬಂದ ಮೇಲೆ ಕೈ ತೊಳೆದು ಹೋಗು ಎಂದರಂತೆ.

“ನಿಂದು ಐದನೇದು ಎಷ್ಟ ಬಂತು?” ಎಂದು ಕೇಳಿದಳು.

“ಹದಿಮೂರು ಬೈ ಆರು.”

“ಮೈನಸ್ ನುಂಗಿದಿ ತಗೋ. ಅಷ್ಟ ಹಸದಿದ್ದೇನು?”

“ಚಿತ್ರ ತಗದೀನಿ. ಮಿತಿ ಬರದೀನಿ.”

ಅವಳು ಪರೀಕ್ಷಕರಂತೆ ಬೆರಳು ಮಡಿಚತೊಡಗಿದಳು. “ಚಿತ್ರಕ್ಕ ಒಂದು. ಮಿತಿಗೆ, ಕೊಟ್ಟರ ಒಂದು. ಇಂಟಿಗ್ರೇಶನ್ನಿಗೆ ಎರಡು, ಬೆಲೆ ಹಾಕಿದ್ದಕ್ಕ ಒಂದು. ಐದು ಗಟ್ಟಿ. ಅಂಜಬ್ಯಾಡ.”

“ಅದನ್ನ ಬರದಿಲ್ಲ. ಅಂಗೈ ಮ್ಯಾಲ ಇತ್ತು. ಒರಸಿದೆ.”

“ಯಾವಾಗ?”

ತೀರ ಸಹಜವಾಗಿ ಕೇಳಿದಳು. ಸುಳ್ಳು ಹೇಳಬಹುದಿತ್ತು. “ಆ ಮೇಡಂ ಕೇಳುವಾಗ,” ಎಂದೆ.

ಅವಳು ನನ್ನ ಓಢಣಿಯ ಅಂಚನ್ನು ನೋಡಿದಳು. “ಹಂಗಾರ ಈ ಓಢಣೀನ ಪೇಪರಿಗೆ ಪಿನ್ ಹೊಡದ ಬರಬೇಕಿತ್ತಲ್ಲ. ಹಂತ ಎಲ್ಲಾ ಅದರಾಗ ಅದಾವು.”

ಇಬ್ಬರೂ ನಕ್ಕೆವು. ಅವಳ ನಗು ಮೊದಲು ನಿಂತಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಊರು ಬರುವ ತನಕ ಹೊರಗೇ ನೋಡಿದಳು. ಇಳಿಯುವಾಗ, “ನಾಳೆ ಕೆಮಿಸ್ಟ್ರಿ ಐತಿ. ಲಗೂನ ಬಾ,” ಎಂದಳು.

ಫಲಿತಾಂಶಕ್ಕೆ ಮುಂದೆ ಹಲವು ವಾರಗಳಿದ್ದವು. ಹಗಲೆಲ್ಲ ಆ ಎರಡು ಅಂಕಗಳನ್ನು ಕೂಡಿಸುವುದು, ಕಳೆಯುವುದು. ಚಿತ್ರದಲ್ಲಿ ಅಕ್ಷಗಳಿಗೆ ಹೆಸರು ಬರೆದಿದ್ದೆನೇ? ಮಿತಿಗಳನ್ನು ಹೇಗೆ ಕಂಡುಕೊಂಡೆ ಎಂದು ತೋರಿಸದಿದ್ದರೆ ಆ ಒಂದು ಅಂಕ ಕೊಡುತ್ತಾರೆಯೇ? ಪ್ರತಿ ಸಲವೂ ಆ ಖಾಲಿ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ. ಅಲ್ಲಿಂದ ಮೇಡಂ ಎತ್ತಿಹಿಡಿದ ಆ ಮಣಿಕಟ್ಟು, ಆ ಪ್ರಶ್ನೆ, ನನ್ನ ಸುಮ್ಮನಿರುವಿಕೆ. ಮಾತಾಡಿದ್ದರೆ ನನ್ನ ಕೈಯನ್ನೂ ನೋಡುತ್ತಿದ್ದರು, ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆಯೇ ಆಗುತ್ತಿತ್ತೋ ಏನೋ. ಆದರೆ ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಬೇರೆಯದೇ ಹೊಳೆಯಿತು. ಅವಳ ಕೈಯಲ್ಲಿ 9/2, ನನ್ನ ಕೈಯಲ್ಲಿ 13/6. ಒಂದೇ ಲೆಕ್ಕ, ಎರಡು ಉತ್ತರ. ಇಬ್ಬರೂ ಯಾರಿಂದಲೂ ಕದ್ದಿಲ್ಲ, ಅಲ್ಲೇ ಕುಳಿತು ಮಾಡಿದ್ದೇವೆ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಿಲ್ಲ. ನನ್ನ ತಪ್ಪು ಲೆಕ್ಕ ಅವಳ ಉಪಯೋಗಕ್ಕೆ ಬರುತ್ತಿತ್ತು. ಗಣಿತದವರಿದ್ದ ತಂಡಕ್ಕೆ ಅದು ತಿಳಿಯದೆ ಇರುತ್ತಿರಲಿಲ್ಲ. ಆ ಕ್ಷಣದಲ್ಲಿ ನನಗೆ ಇದು ಹೊಳೆಯುವುದು ಸಾಧ್ಯವಿರಲಿಲ್ಲ, ನಿಜ. ಆದರೂ ಆ ದಿನದಿಂದ ‘ಇಬ್ಬರೂ ಹೊರಗೆ’ ಎಂಬ ಸಮಾಧಾನ ಕೈಕೊಟ್ಟಿತು.

ಫಲಿತಾಂಶ ಮೊಬೈಲಿಗೆ ಬಂತು. ಕ್ಯಾಲ್ಕುಲಸ್, ಹದಿನಾರು. ಮನೆಯವರಿಗೂ ಹೇಳದೆ ಮೊದಲು ಅವಳಿಗೆ ಫೋನ್ ಮಾಡಿದೆ. ಅವಳಿಗೆ ಇಪ್ಪತ್ತೇಳು ಬಂದಿತ್ತು.

“ಹಂಗಾರ ನಿನಗ ಎರಡು ಕೊಟ್ಟಾರ,” ಎಂದಳು.

“ಹೂಂ. ಚಿತ್ರಕ್ಕ, ಮಿತಿಗೆ. ಪೂರ್ತಿ ಯಾರ ಕೇಳಿದ್ರು? ಅಷ್ಟ ಸಾಕಿತ್ತು.”

ಆ ಕಡೆ ಅವಳ ತಾಯಿ ಯಾರನ್ನೋ ಕರೆಯುತ್ತಿದ್ದದ್ದು ಕೇಳಿಸಿತು.

“ಅವತ್ತ ನನಗೂ ಅಷ್ಟ ಸಾಕಿತ್ತು,” ಎಂದಳು. “ಪೂರ್ತಿ ಹೇಳೂದು ಬ್ಯಾಡಾಗಿತ್ತು. ‘ಮೇಡಂ’ ಅಂತ ಒಂದ ಸಲ ಎದ್ದ ನಿಂತಿದ್ರ ಆಗ್ತಿತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, ಮೂರನೇ ವರ್ಷದ ಫಾರ್ಮ್ ತುಂಬಲು ಸೋಮವಾರ ಬರುತ್ತೀಯೇನೆಂದು ಕೇಳಿದಳು. ಬರ್ತೀನಿ ಎಂದೆ. ಯಾವ ಬಸ್ಸಿಗೆ ಎಂದು ಕೇಳಿದಳು. ನೀ ಹೇಳಿದ ಬಸ್ಸಿಗೆ ಎಂದೆ.